ಕಾಯಂ ಕೆಲಸಕ್ಕೆ ಅವಧಿಯ ಹಣ: ಸರ್ಕಾರಿ ಆಸ್ಪತ್ರೆಗಳಲ್ಲಿ ಹುದ್ದೆಗಳು ಯಾಕೆ ತುಂಬುವುದಿಲ್ಲ

ಕರ್ನಾಟಕದ ಯಾವುದಾದರೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಪಟ್ಟಿಯನ್ನು ತೆಗೆದುಕೊಳ್ಳಿ. ವೈದ್ಯಾಧಿಕಾರಿ ಕಾಯಂ ನೌಕರರಾಗಿದ್ದರೆ ಅವರ ವೇತನ ರಾಜ್ಯದ ಖಜಾನೆಯಿಂದ ಬರುತ್ತದೆ. ಹೆರಿಗೆ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುವ ಸ್ಟಾಫ್ ನರ್ಸ್ ಹಲವು ಕಡೆ ಎನ್‌ಎಚ್‌ಎಂ ಎಂದೇ ಬಳಕೆಯಲ್ಲಿರುವ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು. ಅವರ ಒಪ್ಪಂದ ಮಾರ್ಚ್ ಕೊನೆಗೆ ಮುಗಿದು ಏಪ್ರಿಲ್‌ನಲ್ಲಿ ನವೀಕರಣಗೊಳ್ಳಬೇಕು. ಲ್ಯಾಬ್ ಟೆಕ್ನಿಷಿಯನ್ ಒಂದು ಕಡೆ ಕಾಯಂ, ಇನ್ನೊಂದು ಕಡೆ ಗುತ್ತಿಗೆ. ಡಿ ಗ್ರೂಪ್ ಕೆಲಸದವರು ಹೊರಗುತ್ತಿಗೆಯವರಾದ್ದರಿಂದ ಅವರಿಗೆ ಸಂಬಳ ಕೊಡುವುದು ಒಂದು ಏಜೆನ್ಸಿ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯದು ಮತ್ತೊಂದು ಬಗೆಯ ಗುತ್ತಿಗೆ, ಅದರಲ್ಲಿ ಒಂದು ಪಾಲು ಕಾರ್ಯಕ್ಷಮತೆಯನ್ನು ಆಧರಿಸಿದ ಭತ್ಯೆ. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯನ್ನಂತೂ ಸರ್ಕಾರ ನೌಕರರೆಂದೇ ಪರಿಗಣಿಸಿಲ್ಲ. ಅವರದು ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಲೆಕ್ಕದ ಪ್ರೋತ್ಸಾಹಧನ. ಜ್ವರ ಹಿಡಿದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಇವರೆಲ್ಲ ಒಂದೇ ಆಸ್ಪತ್ರೆಯವರು. ಆದರೆ ಇವರಲ್ಲಿ ಯಾರು ಮುಂದಿನ ವರ್ಷವೂ ಅಲ್ಲಿರುತ್ತಾರೆ, ಯಾರಿಗೆ ಮೂರು ತಿಂಗಳಿಂದ ಸಂಬಳವಾಗಿಲ್ಲ, ಯಾವ ಕುರ್ಚಿ ವರ್ಷಗಳಿಂದ ಖಾಲಿ ಬಿದ್ದಿದೆ ಎಂಬುದನ್ನು ತೀರ್ಮಾನಿಸುವುದು ಅವರವರ ಸಂಬಳದ ಹಣ ಹೊರಡುವ ಜಾಗ.

ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಬಗ್ಗೆ ಮಾತಾಡುವಾಗ ನಾವು ಅನುದಾನವನ್ನು ಒಂದು ವಿಷಯವಾಗಿಯೂ ಸಿಬ್ಬಂದಿಯನ್ನು ಬೇರೊಂದು ವಿಷಯವಾಗಿಯೂ ಚರ್ಚಿಸುತ್ತೇವೆ. ಬಜೆಟ್ ಮಂಡನೆಯಾದ ವಾರ ಕೋಟಿಗಳ ಲೆಕ್ಕ ನಡೆಯುತ್ತದೆ. ಬಾಣಂತಿಯರ ಸಾವಾದಾಗ ಅಥವಾ ಮುಷ್ಕರವಾದಾಗ ಖಾಲಿ ಹುದ್ದೆಗಳ ಲೆಕ್ಕ ಹೊರಬರುತ್ತದೆ. ಇವೆರಡೂ ಒಂದೇ ಪ್ರಶ್ನೆ ಎಂಬುದು ಈ ಲೇಖನದ ವಾದ. ಭಾರತದಲ್ಲಿ ಆರೋಗ್ಯ ಸೇವೆಗೆ ಹೊಸದಾಗಿ ಬಂದ ಹಣದ ಬಹುಭಾಗ ಅಭಿಯಾನ, ಯೋಜನೆ, ಸೆಸ್ (ನಿರ್ದಿಷ್ಟ ಉದ್ದೇಶಕ್ಕೆಂದು ತೆರಿಗೆಯ ಮೇಲೆ ಹಾಕುವ ತೆರಿಗೆ), ಐದು ವರ್ಷದ ಅನುದಾನ ಎಂಬಂಥ ಅವಧಿ ನಿಗದಿಯಾದ ರೂಪದಲ್ಲೇ ಬಂದಿದೆ. ಅವಧಿ ಇರುವ ಹಣದಿಂದ ಅವಧಿ ಇಲ್ಲದ ಹುದ್ದೆಯನ್ನು ಸೃಷ್ಟಿಸಲು ಯಾವ ಹಣಕಾಸು ಇಲಾಖೆಯೂ ಒಪ್ಪುವುದಿಲ್ಲ. ಹಾಗಾಗಿ ಕಾಯಂ ಆಗಿ ನಡೆಯಲೇಬೇಕಾದ ಕೆಲಸವನ್ನು ತಾತ್ಕಾಲಿಕ ಜನರು ಮಾಡುತ್ತಿದ್ದಾರೆ.

ಒಟ್ಟು ಹಣ ಎಷ್ಟು

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚ 9,04,461 ಕೋಟಿ ರೂಪಾಯಿ, ಅಂದರೆ ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ 3.83. ಇದರಲ್ಲಿ ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಸರ್ಕಾರದ ಪಾಲು 4,34,163 ಕೋಟಿ, ಜಿಡಿಪಿಯ ಶೇ 1.84. ತಲಾವಾರು ಹಂಚಿದರೆ ಒಬ್ಬ ವ್ಯಕ್ತಿಗೆ ವರ್ಷಕ್ಕೆ 3,169 ರೂಪಾಯಿ, ದಿನಕ್ಕೆ ಒಂಬತ್ತು ರೂಪಾಯಿಗೂ ಕಡಿಮೆ. ಹಳ್ಳಿಯ ಲಸಿಕಾ ದಿನದಿಂದ ಹಿಡಿದು ದೆಹಲಿಯ ಏಮ್ಸ್‌ವರೆಗೆ, ಡೆಂಗಿ ಲಾರ್ವಾ ಸಮೀಕ್ಷೆಯಿಂದ ಹಿಡಿದು ಹೃದಯ ಶಸ್ತ್ರಚಿಕಿತ್ಸೆಯವರೆಗೆ ಎಲ್ಲವೂ ಆ ಮೊತ್ತದಲ್ಲೇ ಆಗಬೇಕು.

ಹಿಂದಿನದಕ್ಕೆ ಹೋಲಿಸಿದರೆ ಇದು ಏರಿಕೆಯೇ. 2013-14ರಲ್ಲಿ ಸರ್ಕಾರದ ವೆಚ್ಚ ಜಿಡಿಪಿಯ ಶೇ 1.15 ಇತ್ತು, ಆಗ ಒಟ್ಟು ಆರೋಗ್ಯ ವೆಚ್ಚದ ಶೇ 64.2ರಷ್ಟನ್ನು ಜನರು ನೇರವಾಗಿ ತಮ್ಮ ಜೇಬಿನಿಂದ ಕೊಡುತ್ತಿದ್ದರು. 2021-22ರ ಹೊತ್ತಿಗೆ ಜೇಬಿನ ಪಾಲು ಶೇ 39.4ಕ್ಕೆ ಇಳಿದಿದೆ. ಈ ಇಳಿಕೆಯನ್ನು ಕಡೆಗಣಿಸುವುದು ನ್ಯಾಯವಲ್ಲ. ಆದರೆ ಅದನ್ನು ಓದುವಾಗ 2021-22 ಕೋವಿಡ್ ವರ್ಷವಾಗಿತ್ತೆಂಬುದನ್ನು ಮರೆಯಬಾರದು. ಆ ವರ್ಷ ಲಸಿಕೆ ಖರೀದಿಗೆ, ಹಾಸಿಗೆ–ಆಮ್ಲಜನಕ ವ್ಯವಸ್ಥೆಗೆ ಸರ್ಕಾರಗಳು ಅನಿವಾರ್ಯವಾಗಿ ಖರ್ಚು ಮಾಡಿದವು. ಹಾಗೆ ಏರಿದ ಹಣದಲ್ಲಿ ಮುಂದೆ ಉಳಿಯುವ ಹುದ್ದೆಗಳಾಗಿ ಮಾರ್ಪಟ್ಟದ್ದು ಬಹಳ ಕಡಿಮೆ. ಕೋವಿಡ್ ವಾರ್ಡುಗಳಿಗೆಂದು ಸೇರಿಸಿಕೊಂಡ ಎಷ್ಟೋ ನರ್ಸ್‌ಗಳು, ಟೆಕ್ನಿಷಿಯನ್‌ಗಳು ಅಲೆ ಇಳಿದ ಮೇಲೆ ಮನೆಗೆ ಹೋದರು.

2017ರ ರಾಷ್ಟ್ರೀಯ ಆರೋಗ್ಯ ನೀತಿ ಸರ್ಕಾರಿ ವೆಚ್ಚವನ್ನು 2025ರೊಳಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. ರಾಜ್ಯಗಳು 2020ರ ಹೊತ್ತಿಗೆ ತಮ್ಮ ಬಜೆಟ್‌ನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಕೊಡಬೇಕು, ಒಟ್ಟು ಹಣದ ಮೂರನೇ ಎರಡು ಭಾಗ ಅಥವಾ ಅದಕ್ಕೂ ಹೆಚ್ಚು ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದೂ ಅದು ಹೇಳಿತ್ತು. ಶೇ 1.84ಕ್ಕೂ ಶೇ 2.5ಕ್ಕೂ ಇರುವ ಅಂತರ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. 2021-22ರ ಜಿಡಿಪಿಯ ಲೆಕ್ಕದಲ್ಲಿ ಅದು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಬಜೆಟ್‌ನಲ್ಲಿ ಕೊಟ್ಟದ್ದು ಸುಮಾರು 73,900 ಕೋಟಿ. ಅಂದರೆ ಕೊರತೆಯೇ ಸಚಿವಾಲಯದ ಇಡೀ ಬಜೆಟ್‌ನ ಎರಡರಷ್ಟು.

ಯಾರ ಹೊಣೆ, ಯಾರ ಹಣ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು ಮತ್ತು ಔಷಧಾಲಯಗಳು ರಾಜ್ಯಪಟ್ಟಿಯಲ್ಲಿವೆ. ಕುಟುಂಬ ಯೋಜನೆ, ವೈದ್ಯಕೀಯ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿವೆ. ಆಸ್ಪತ್ರೆ ನಡೆಸುವುದು ರಾಜ್ಯದ ಕೆಲಸ. ಆದರೆ ಹೆಚ್ಚು ತೆರಿಗೆ ಸಂಗ್ರಹಿಸುವ ಅಧಿಕಾರ ಕೇಂದ್ರದ್ದು. ಇಂದಿಗೂ ಸರ್ಕಾರಿ ಆರೋಗ್ಯ ವೆಚ್ಚದ ದೊಡ್ಡ ಪಾಲನ್ನು, ಸುಮಾರು ಐದರಲ್ಲಿ ಮೂರು ಭಾಗವನ್ನು, ರಾಜ್ಯಗಳೇ ಭರಿಸುತ್ತವೆ. ಆ ಹಣದ ಬಹುಪಾಲು ಈಗಾಗಲೇ ಇರುವ ಕಾಯಂ ನೌಕರರ ವೇತನಕ್ಕೂ ಪಿಂಚಣಿಗೂ ಆಸ್ಪತ್ರೆಗಳ ದೈನಂದಿನ ಖರ್ಚಿಗೂ ಮೊದಲೇ ಮೀಸಲಾಗಿಬಿಟ್ಟಿರುತ್ತದೆ. ಹೊಸದಾಗಿ ಏನಾದರೂ ಮಾಡಬೇಕೆಂದರೆ ರಾಜ್ಯ ಕೇಂದ್ರದ ಯೋಜನೆಗಳ ಕಡೆ ನೋಡಬೇಕು.

ಅಂಥ ಯೋಜನೆಗಳಲ್ಲಿ ಮುಖ್ಯವಾದದ್ದು ಎನ್‌ಎಚ್‌ಎಂ. 2005ರ ಏಪ್ರಿಲ್ 12ರಂದು ಗ್ರಾಮೀಣ ಆರೋಗ್ಯ ಅಭಿಯಾನವಾಗಿ ಆರಂಭವಾದ ಇದಕ್ಕೆ 2013ರಲ್ಲಿ ನಗರ ಅಭಿಯಾನವೂ ಸೇರಿತು. ಇದು ಮಾಡಿದ ಕೆಲಸ ದೊಡ್ಡದು. ಆಸ್ಪತ್ರೆ ಹೆರಿಗೆಗಳು ಹೆಚ್ಚಿದ್ದು, ಇಪ್ಪತ್ನಾಲ್ಕು ಗಂಟೆಯೂ ನರ್ಸ್ ಇರುವ ಆರೋಗ್ಯ ಕೇಂದ್ರಗಳು ಹುಟ್ಟಿದ್ದು, ನವಜಾತ ಶಿಶು ಘಟಕಗಳು ಜಿಲ್ಲಾಸ್ಪತ್ರೆಗಳಲ್ಲಿ ಬಂದದ್ದು ಈ ಹಣದಿಂದಲೇ. ಆದರೆ ವೆಚ್ಚದ ಹಂಚಿಕೆ ಹೇಗೆ ಬದಲಾಗುತ್ತ ಬಂತೆಂಬುದನ್ನು ನೋಡಬೇಕು. ಮೊದಲ ಎರಡು ವರ್ಷ ಪೂರ್ತಿ ಹಣ ಕೇಂದ್ರದ್ದು. ಹನ್ನೊಂದನೇ ಪಂಚವಾರ್ಷಿಕ ಯೋಜನೆಯಲ್ಲಿ ಕೇಂದ್ರ 85, ರಾಜ್ಯ 15. ಹನ್ನೆರಡನೆಯದರಲ್ಲಿ 75 ಮತ್ತು 25. 2015-16ರಿಂದ ಈಶಾನ್ಯ ಮತ್ತು ಗುಡ್ಡಗಾಡು ರಾಜ್ಯಗಳನ್ನು ಬಿಟ್ಟು ಉಳಿದವಕ್ಕೆ 60 ಮತ್ತು 40. ಹತ್ತೇ ವರ್ಷಗಳಲ್ಲಿ ರಾಜ್ಯದ ಹೊರೆ ಶೂನ್ಯದಿಂದ ಐದರಲ್ಲಿ ಎರಡು ಭಾಗಕ್ಕೆ ಬಂತು. 2025-26ರ ಕೇಂದ್ರ ಬಜೆಟ್‌ನಲ್ಲಿ ಎನ್‌ಎಚ್‌ಎಂಗೆ ಸುಮಾರು 37,200 ಕೋಟಿ ಇಡಲಾಗಿದೆ. ಕೆಲವು ವರ್ಷಗಳಿಂದ ಈ ಮೊತ್ತ ಹೆಚ್ಚುಕಡಿಮೆ 36–37 ಸಾವಿರ ಕೋಟಿಯ ಆಸುಪಾಸಿನಲ್ಲೇ ನಿಂತಿದೆ. ಬೆಲೆ ಏರಿಕೆಯನ್ನು ಕಳೆದು ನೋಡಿದರೆ ಅದು ಕುಗ್ಗಿದೆ ಎಂದೇ ಅರ್ಥ.

ಹಣ ಕೆಳಗಿಳಿಯುವ ದಾರಿಯೂ ಉದ್ದವಾದದ್ದು. 2013-14ರವರೆಗೆ ಕೇಂದ್ರದ ಪಾಲು ನೇರವಾಗಿ, ರಾಜ್ಯದಲ್ಲಿ ಅಭಿಯಾನವನ್ನು ನಡೆಸುವ ರಾಜ್ಯ ಆರೋಗ್ಯ ಸೊಸೈಟಿಗೆ ಬರುತ್ತಿತ್ತು. ನಂತರ ಅದು ರಾಜ್ಯದ ಖಜಾನೆಗೆ ಬಂದು, ರಾಜ್ಯ ತನ್ನ ಪಾಲನ್ನು ಸೇರಿಸಿ, ಆಮೇಲೆ ಸೊಸೈಟಿಗೆ ಹೋಗಿ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯಬೇಕಾಯಿತು. ಲೆಕ್ಕ ಶಿಸ್ತಿನ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಖಜಾನೆಯಲ್ಲಿ ಕಡತ ತಿಂಗಳುಗಟ್ಟಲೆ ನಿಂತಾಗ ನಿಲ್ಲುವುದು ಗುತ್ತಿಗೆ ನರ್ಸ್‌ನ ಸಂಬಳ. ಕಂತು ಬಿಡುಗಡೆಗೆ ಷರತ್ತುಗಳೂ ಇರುತ್ತವೆ. 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕೇಂದ್ರ ಮರುನಾಮಕರಣ ಮಾಡಿದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಹೆಸರು, ಫಲಕದ ವಿಚಾರದಲ್ಲಿ ಪಂಜಾಬ್, ಕೇರಳದಂಥ ರಾಜ್ಯಗಳೊಂದಿಗೆ ತಕರಾರು ಬಂದು ಅನುದಾನವೇ ತಡೆಹಿಡಿಯಲ್ಪಟ್ಟಿತು. ಯೋಜನೆಗೆ ಹಣ ಕೊಟ್ಟವರು ಹೆಸರು ಕೇಳುವುದು ಸಹಜವೆಂದು ಒಪ್ಪಿಕೊಂಡರೂ, ಗೋಡೆಯ ಮೇಲಿನ ಬರಹಕ್ಕಾಗಿ ಒಳಗಿರುವವರ ವೇತನ ನಿಲ್ಲುವ ವ್ಯವಸ್ಥೆಯನ್ನು ಒಪ್ಪಲಾಗದು.

ಸೆಸ್‌ನ ಕತೆ ಇದಕ್ಕೆ ಹೊಂದಿಕೊಂಡೇ ಇದೆ. 2018-19ರಿಂದ ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ವಸೂಲಾಗುತ್ತಿದೆ. ಸಾಮಾನ್ಯ ತೆರಿಗೆಯಲ್ಲಿ ರಾಜ್ಯಗಳಿಗೆ ಹಕ್ಕಿನ ಪಾಲು ಇರುತ್ತದೆ, ಸೆಸ್‌ನಲ್ಲಿ ಇಲ್ಲ. ಆಸ್ಪತ್ರೆ ನಡೆಸುವ ಹೊಣೆ ರಾಜ್ಯದ್ದಾಗಿರುವಾಗ ಆರೋಗ್ಯದ ಹೆಸರಿನಲ್ಲಿ ಎತ್ತಿದ ತೆರಿಗೆ ಕೇಂದ್ರದ ಬಳಿ ಉಳಿದು, ಮತ್ತೆ ಯೋಜನೆಯ ರೂಪದಲ್ಲೇ ರಾಜ್ಯಕ್ಕೆ ಬರುತ್ತದೆ.

ಹಣ ಕೊಡುವವರು ಹುದ್ದೆಯನ್ನು ಹೇಗೆ ತೀರ್ಮಾನಿಸುತ್ತಾರೆ

ಇಷ್ಟೆಲ್ಲ ಹೇಳಿದ್ದಕ್ಕೆ ಉಪಕೇಂದ್ರಕ್ಕಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಬಯಲು ಸೀಮೆಯಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರ. ಅಲ್ಲಿ ಮೂಲತಃ ಇಬ್ಬರು ಇರಬೇಕು: ಜನ ‘ಸಿಸ್ಟರ್’ ಎಂದು ಕರೆಯುವ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಮತ್ತು ಕಿರಿಯ ಪುರುಷ ಆರೋಗ್ಯ ಸಹಾಯಕ. ಮಹಿಳಾ ಸಹಾಯಕಿಯ ಹುದ್ದೆ ಕುಟುಂಬ ಕಲ್ಯಾಣ ಕಾರ್ಯಕ್ರಮದ ಭಾಗವೆಂದು 2002ರ ಏಪ್ರಿಲ್‌ನಿಂದ ಎಲ್ಲ ಉಪಕೇಂದ್ರಗಳಲ್ಲೂ ಆ ವೇತನಕ್ಕೆ ಕೇಂದ್ರ ನೆರವು ಬರುತ್ತಿತ್ತು. ಪುರುಷ ಸಹಾಯಕನ ವೇತನ ಪೂರ್ತಿ ರಾಜ್ಯಗಳ ತಲೆಯ ಮೇಲೆ. ಪರಿಣಾಮವನ್ನು ವರ್ಷ ವರ್ಷದ ಗ್ರಾಮೀಣ ಆರೋಗ್ಯ ಅಂಕಿಅಂಶಗಳಲ್ಲಿ ಕಾಣಬಹುದು: ಮಹಿಳಾ ಸಹಾಯಕಿಯರ ಕೊರತೆ ದೇಶದ ಮಟ್ಟದಲ್ಲಿ ಅಲ್ಪ, ಪುರುಷ ಸಹಾಯಕರ ಕೊರತೆ ಅಗತ್ಯದ ಅರ್ಧಕ್ಕಿಂತಲೂ ಹೆಚ್ಚು. ಒಂದೇ ಕಟ್ಟಡ, ಒಂದೇ ಜನಸಂಖ್ಯೆ; ಹಣದ ಮೂಲವೊಂದೇ ಬೇರೆ.

ಈ ಪುರುಷ ಸಹಾಯಕನ ಕೆಲಸ ಮಲೇರಿಯಾ ರಕ್ತಲೇಪನ, ಸೊಳ್ಳೆ ಲಾರ್ವಾ ಸಮೀಕ್ಷೆ, ಕುಡಿಯುವ ನೀರಿನ ಪರೀಕ್ಷೆ, ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವುದು. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಏರಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಗಿ ಬಂದಾಗ ಮನೆ ಮನೆಯ ತೊಟ್ಟಿ, ಡ್ರಮ್ಮುಗಳನ್ನು ನೋಡಲು ಜನ ಬೇಕಾದರು. ಆ ಕೆಲಸ ಕೊನೆಗೆ ಬಂದು ನಿಂತದ್ದು ಬಹುಮಟ್ಟಿಗೆ ಆಶಾ ಕಾರ್ಯಕರ್ತೆಯರ ಹೆಗಲಿನ ಮೇಲೆ. ಖಾಲಿ ಬಿಟ್ಟ ಹುದ್ದೆಯ ಕೆಲಸ ಮಾಯವಾಗುವುದಿಲ್ಲ; ತನಗಿಂತ ಕಡಿಮೆ ಸಂಬಳದವರ ಕೈಗೆ ಇಳಿಯುತ್ತದೆ.

ಆಶಾ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ದೇಶದಲ್ಲಿ ಹತ್ತು ಲಕ್ಷದಷ್ಟು, ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮಗುವಿನ ತೂಕ ನೋಡಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳ ಕೀವಾಗಿದೆಯೇ ನೋಡಬೇಕು, ತಾಯಿಗೆ ರಕ್ತಸ್ರಾವವಿದೆಯೇ ಕೇಳಬೇಕು, ಎದೆಹಾಲು ಕುಡಿಸುವುದನ್ನು ಹೇಳಿಕೊಡಬೇಕು, ಎಲ್ಲವನ್ನೂ ನಮೂನೆಯಲ್ಲಿ ಬರೆಯಬೇಕು. ಈ ಆರೂ ಭೇಟಿ ಪೂರ್ಣವಾದರೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಮಗುವಿನ ಮೊದಲ ವರ್ಷದ ಲಸಿಕೆಗಳೆಲ್ಲ ಮುಗಿದರೆ 100 ರೂಪಾಯಿ, ಎರಡನೇ ವರ್ಷದವರೆಗಿನವು ಮುಗಿದರೆ 75. ಗರ್ಭಿಣಿ ಹೆರಿಗೆಗೆ ತವರಿಗೆ ಹೋದರೆ, ತಾಯಿ ಕಾರ್ಡಿನ ವಿವರ ಪೋರ್ಟಲ್‌ನಲ್ಲಿ ಸರಿಯಾಗಿ ಏರದಿದ್ದರೆ, ಮಾಡಿದ ಕೆಲಸದ ಹಣವೂ ಕೈತಪ್ಪುತ್ತದೆ. ಕೆಲಸಕ್ಕೆ ತಕ್ಕ ಹಣ ಎಂಬ ಈ ಪದ್ಧತಿಗೆ ಒಂದು ತರ್ಕವಿದೆ; ಆದರೆ ಲೆಕ್ಕದಲ್ಲಿ ಬಾರದ ಕೆಲಸಗಳು, ಅಂದರೆ ಮಧ್ಯರಾತ್ರಿ ಆಂಬುಲೆನ್ಸ್‌ಗೆ ಕಾಯುವುದು, ಲಸಿಕೆಗೆ ಒಪ್ಪದ ಮನೆಗೆ ನಾಲ್ಕು ಬಾರಿ ಹೋಗುವುದು, ಬೇರೆ ಇಲಾಖೆಗಳ ಸಮೀಕ್ಷೆಗಳನ್ನು ಮಾಡಿಕೊಡುವುದು, ಎಲ್ಲಿಯೂ ದಾಖಲಾಗುವುದಿಲ್ಲ.

ನಿಗದಿತ ದಿನನಿತ್ಯದ ಚಟುವಟಿಕೆಗಳಿಗೆ ಕೇಂದ್ರ ಕೊಡುವ ಪ್ರೋತ್ಸಾಹಧನ 2018ರಲ್ಲಿ ತಿಂಗಳಿಗೆ 2,000 ಆಯಿತು. ಅದು 3,500ಕ್ಕೆ ಏರಲು 2025 ಬರಬೇಕಾಯಿತು. ಕರ್ನಾಟಕ ತನ್ನ ಕಡೆಯಿಂದ ತಿಂಗಳಿಗೆ 5,000 ರೂಪಾಯಿ ಗೌರವಧನ ಕೊಡುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ನೀಡಿ ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಅವರೇ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಕೂತು, ಎಲ್ಲ ಸೇರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುತ್ತದೆಂಬ ಭರವಸೆಯನ್ನು ಮುಖ್ಯಮಂತ್ರಿಯಿಂದ ಪಡೆಯಬೇಕಾಯಿತು. ಅದರ ಜಾರಿಗಾಗಿ ಅದೇ ವರ್ಷ ಮತ್ತೆ ಬೀದಿಗಿಳಿದರು. ಇಡೀ ಪ್ರಾಥಮಿಕ ಆರೈಕೆ ನಿಂತಿರುವುದು ಇವರ ಮೇಲೆ ಎಂದು ಪ್ರತಿ ಸರ್ಕಾರವೂ ಹೇಳುತ್ತದೆ. ಹಾಗೆ ಹೇಳಿದ ಮೇಲೆ ಅವರನ್ನು ಸ್ವಯಂಸೇವಕರೆಂದು ವರ್ಗೀಕರಿಸುವುದನ್ನು ಸಮರ್ಥಿಸಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಗುತ್ತಿಗೆ ಯಾಕೆ ಇಷ್ಟು ಬೆಳೆಯಿತು

ಕಾಯಂ ನೇಮಕಾತಿಯಿಂದ ರಾಜ್ಯಗಳು ಹಿಂಜರಿಯುವುದಕ್ಕೆ ಕಾರಣಗಳಿವೆ, ಅವುಗಳನ್ನು ಬರಿಯ ಉದಾಸೀನ ಎನ್ನಲಾಗದು. ಒಂದು ಕಾಯಂ ಹುದ್ದೆ ಎಂದರೆ ಮೂರು ದಶಕದ ವೇತನ, ಬಡ್ತಿ, ನಿವೃತ್ತಿ ಸೌಲಭ್ಯಗಳ ಹೊಣೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ಕರ್ನಾಟಕ. ಅಂಥ ಕಾಯ್ದೆಗಳು ರಾಜಸ್ವ ಕೊರತೆಗೆ, ಅಂದರೆ ದೈನಂದಿನ ಖರ್ಚು ಆದಾಯವನ್ನು ಮೀರುವುದಕ್ಕೆ, ಕಡಿವಾಣ ಹಾಕುತ್ತವೆ. ವೇತನ ರಾಜಸ್ವ ವೆಚ್ಚ; ಕಟ್ಟಡ ಬಂಡವಾಳ ವೆಚ್ಚ. ಆಸ್ಪತ್ರೆ ಕಟ್ಟಿದರೆ ಆಸ್ತಿ ಸೃಷ್ಟಿಯಾಯಿತೆಂದು ಲೆಕ್ಕ, ಅದರೊಳಗೆ ಅರಿವಳಿಕೆ ತಜ್ಞರನ್ನು ನೇಮಿಸಿದರೆ ಖರ್ಚಾಯಿತೆಂದು ಲೆಕ್ಕ. ಆದ್ದರಿಂದಲೇ ಹೊಸ ತಾಯಿ ಮಕ್ಕಳ ಆಸ್ಪತ್ರೆಗಳ ಉದ್ಘಾಟನೆ ವರ್ಷ ವರ್ಷವೂ ನಡೆಯುತ್ತದೆ, ಅವುಗಳಿಗೆ ಮಂಜೂರಾದ ಹುದ್ದೆಗಳ ಕಡತ ಮಾತ್ರ ಹಣಕಾಸು ಇಲಾಖೆಯಲ್ಲಿ ಕೂತಿರುತ್ತದೆ. ಸಾರ್ವಜನಿಕ ಆರೋಗ್ಯದಲ್ಲಿ ಮನುಷ್ಯರೇ ಮುಖ್ಯ ಆಸ್ತಿ ಎಂಬುದನ್ನು ಈ ಲೆಕ್ಕ ಪದ್ಧತಿ ಗುರುತಿಸುವುದಿಲ್ಲ.

ಕಾನೂನಿನ ತೀರ್ಪೂ ಇದರಲ್ಲಿ ಪಾತ್ರ ವಹಿಸಿದೆ, ಮತ್ತು ಅದು ಹುಟ್ಟಿದ್ದು ಕರ್ನಾಟಕದ ಪ್ರಕರಣದಲ್ಲೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ಕ್ರಮಬದ್ಧ ನೇಮಕಾತಿಯಿಲ್ಲದೆ ಸೇರಿದವರು ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಎಂದು ಹಕ್ಕಾಗಿ ಕೇಳಲಾಗದು ಎಂದು ಹೇಳಿತು. ಹಿಂಬಾಗಿಲ ನೇಮಕಾತಿಯನ್ನು ತಡೆಯುವುದು ಆ ತೀರ್ಪಿನ ಉದ್ದೇಶವಾಗಿತ್ತು. ಆದರೆ ಎನ್‌ಎಚ್‌ಎಂ ಆರಂಭವಾಗಿ ಆಗ ಸರಿಯಾಗಿ ಒಂದು ವರ್ಷ. ಮುಂದಿನ ಎರಡು ದಶಕ, ಜಾಹೀರಾತು ಕೊಟ್ಟು, ಅಂಕ ನೋಡಿ, ಮೀಸಲಾತಿ ಪಾಲಿಸಿ ಆಯ್ಕೆ ಮಾಡಿಕೊಂಡ ನರ್ಸ್‌ಗಳಿಗೂ ಇದೇ ತೀರ್ಪನ್ನು ತೋರಿಸಿ ಕಾಯಂ ಮಾಡಲು ನಿರಾಕರಿಸಲಾಯಿತು. 2023ರ ಫೆಬ್ರುವರಿಯಲ್ಲಿ ಕರ್ನಾಟಕದ ಸಾವಿರಾರು ಎನ್‌ಎಚ್‌ಎಂ ನೌಕರರು ಅನಿರ್ದಿಷ್ಟ ಮುಷ್ಕರಕ್ಕೆ ಇಳಿದದ್ದು ಈ ಹಿನ್ನೆಲೆಯಲ್ಲಿ. ನಿರಂತರ ಸ್ವರೂಪದ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿಯಾಗಿ ಹಿಡಿಯುವುದು ತಪ್ಪು ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಹೇಳಿದೆ. ಅದು ಆರೋಗ್ಯ ಇಲಾಖೆಗಳ ನಡವಳಿಕೆಯನ್ನು ಬದಲಿಸಬೇಕಾದರೆ ಹಣದ ರೂಪವೂ ಬದಲಾಗಬೇಕು, ತೀರ್ಪೊಂದರಿಂದಲೇ ಆಗುವ ಕೆಲಸವಲ್ಲ.

ತಜ್ಞರ ಕೊರತೆಯ ಲೆಕ್ಕ

ಎಂಬಿಬಿಎಸ್ ವೈದ್ಯರ ಮಟ್ಟದಲ್ಲಿ ಪರಿಸ್ಥಿತಿ ಬದಲಾಗಿದೆ. ದೇಶದಲ್ಲಿ 2014ರಲ್ಲಿ 387 ವೈದ್ಯಕೀಯ ಕಾಲೇಜುಗಳಿದ್ದವು, ಹತ್ತು ವರ್ಷದಲ್ಲಿ ಅವು 780ಕ್ಕೆ ಏರಿವೆ. ಸೀಟುಗಳು 51 ಸಾವಿರದಿಂದ 1.17 ಲಕ್ಷ ದಾಟಿವೆ. ಕರ್ನಾಟಕವೊಂದರಲ್ಲೇ ಎಂಬಿಬಿಎಸ್ ಸೀಟುಗಳು 12 ಸಾವಿರಕ್ಕೂ ಹೆಚ್ಚು. ವೈದ್ಯ ಪದವೀಧರರಿಗೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯ ಮಾಡುವ ಕಾಯ್ದೆಯನ್ನು ಕರ್ನಾಟಕ 2012ರಲ್ಲಿ ತಂದಿತ್ತು. ಅದನ್ನು 2023ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಾಡಿ, ಖಾಲಿ ಹುದ್ದೆ ಇದ್ದಷ್ಟು ಜನರನ್ನು ಮಾತ್ರ ತೆಗೆದುಕೊಳ್ಳುವಂತೆ ಸಡಿಲಿಸಲಾಯಿತು. ಕಾರಣ, ಹೊರಬರುವ ಪದವೀಧರರಿಗೆ ಕೊಡುವಷ್ಟು ಮಂಜೂರಾದ ಹುದ್ದೆಗಳೇ ಇರಲಿಲ್ಲ. ವೈದ್ಯರಿಲ್ಲ ಎಂಬ ದೂರನ್ನು ದಶಕಗಳ ಕಾಲ ಕೇಳಿದ ರಾಜ್ಯದಲ್ಲಿ ವೈದ್ಯರಿದ್ದಾರೆ, ಹುದ್ದೆ ಇಲ್ಲ ಎನ್ನುವ ಹಂತ ಬಂತು.

ತಜ್ಞರ ಮಟ್ಟದಲ್ಲಿ ಮಾತ್ರ ಕೊರತೆ ಭೀಕರವಾಗಿದೆ. 2022ರ ಮಾರ್ಚ್ ಅಂತ್ಯಕ್ಕೆ ದೇಶದ ಗ್ರಾಮೀಣ ಭಾಗದ 5,480 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅಗತ್ಯಕ್ಕೆ ಹೋಲಿಸಿದರೆ ಶಸ್ತ್ರವೈದ್ಯರ ಕೊರತೆ ಶೇ 83.2, ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಕೊರತೆ ಶೇ 74.2, ಮಕ್ಕಳ ತಜ್ಞರ ಕೊರತೆ ಶೇ 81.6. ಈ ಅಂಕಿಗಳು ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಟ್ಟಾಗಿ ಹೇಳುವುದು ಇನ್ನೂ ಕಠಿಣ. ಒಂದು ತುರ್ತು ಸಿಸೇರಿಯನ್ ಆಗಬೇಕಾದರೆ ಪ್ರಸೂತಿ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ ಮೂವರೂ ಅದೇ ರಾತ್ರಿ ಅದೇ ಆಸ್ಪತ್ರೆಯಲ್ಲಿ ಇರಬೇಕು. ಮೂವರಲ್ಲಿ ಇಬ್ಬರಿದ್ದರೆ ಮೂರನೇ ಎರಡರಷ್ಟು ಕೆಲಸ ಆಗುವುದಿಲ್ಲ, ಸಿಸೇರಿಯನ್ನೇ ಆಗುವುದಿಲ್ಲ. ಇದ್ದ ಇಬ್ಬರ ಸಂಬಳ ಖರ್ಚಾಗುತ್ತದೆ, ಗರ್ಭಿಣಿ 108ರಲ್ಲಿ ಜಿಲ್ಲಾಸ್ಪತ್ರೆಯ ಕಡೆ ಹೊರಡುತ್ತಾಳೆ. ಪ್ರತಿ ವಿಭಾಗಕ್ಕೂ ಒಬ್ಬರೇ ಇದ್ದರೂ ಸಾಲದು, ಅವರೂ ರಜೆ ಹಾಕುತ್ತಾರೆ, ನಿದ್ದೆ ಮಾಡಬೇಕು. ತಜ್ಞರನ್ನು ಅನೇಕ ಕೇಂದ್ರಗಳಲ್ಲಿ ಒಬ್ಬೊಬ್ಬರಾಗಿ ಚದುರಿಸುವುದಕ್ಕಿಂತ ತಾಲ್ಲೂಕು ಆಸ್ಪತ್ರೆಯಲ್ಲಿ ತಲಾ ಇಬ್ಬರಂತೆ ಒಟ್ಟುಗೂಡಿಸುವುದು ಮೇಲು ಎಂಬ ವಾದಕ್ಕೆ ಬಲ ಬಂದಿರುವುದು ಇದರಿಂದ. ದೂರದ ಹೋಬಳಿಯ ಹೆಂಗಸರಿಗೆ ಅದರಿಂದ ದಾರಿ ಇನ್ನಷ್ಟು ಉದ್ದವಾಗುತ್ತದೆ ಎಂಬ ಆಕ್ಷೇಪವೂ ಸರಿಯೇ. ಆದರೂ ಕೆಲಸ ಮಾಡದ ಹತ್ತು ಶಸ್ತ್ರಚಿಕಿತ್ಸಾ ಕೊಠಡಿಗಳಿಗಿಂತ ರಾತ್ರಿಯೂ ತೆರೆದಿರುವ ಒಂದು ಕೊಠಡಿ ಹೆಚ್ಚು ಜೀವ ಉಳಿಸುತ್ತದೆ. ಆಂಬುಲೆನ್ಸ್ ವ್ಯವಸ್ಥೆ ಸರಿಯಿದ್ದರೆ ನಾನು ಈ ದಾರಿಯನ್ನೇ ಒಪ್ಪುತ್ತೇನೆ.

ತಜ್ಞರು ಬಾರದಿರಲು ಹಣವೊಂದೇ ಕಾರಣವಲ್ಲ. ಎನ್‌ಎಚ್‌ಎಂನಲ್ಲಿ ‘ನೀವು ಕೇಳಿದಷ್ಟು ನಾವು ಕೊಡುತ್ತೇವೆ’ ಎಂಬ ಬಗೆಯ ಹರಾಜಿನ ವೇತನಕ್ಕೂ ಅವಕಾಶವಿದೆ. ಅದರಿಂದ ಬಂದವರು ಅದೇ ಒಪ್ಪಂದ ಮುಗಿದಾಗ ಹೋಗುತ್ತಾರೆ, ಪಕ್ಕದಲ್ಲಿ ಕೂತ ಕಾಯಂ ತಜ್ಞರಿಗೆ ತಮಗಿಂತ ಹೊಸಬರು ಹೆಚ್ಚು ಪಡೆಯುವುದನ್ನು ನೋಡಬೇಕಾಗುತ್ತದೆ. ಹೆಚ್ಚು ಬಾಳುವ ದಾರಿ, ಈಗಾಗಲೇ ಸೇವೆಯಲ್ಲಿರುವ ವೈದ್ಯಾಧಿಕಾರಿಗಳನ್ನೇ ಸ್ನಾತಕೋತ್ತರ ಓದಿಗೆ ಕಳಿಸಿ ಮರಳಿ ಕರೆಸಿಕೊಳ್ಳುವುದು. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಮೀಸಲಾತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ತಮಿಳುನಾಡು ಈ ದಾರಿಯನ್ನು ಬಹಳ ಹಿಂದಿನಿಂದ ಬಳಸಿಕೊಂಡಿದೆ. ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವನ್ನೂ 2012ರಿಂದ ವೈದ್ಯಕೀಯ ಸಿಬ್ಬಂದಿಗೆಂದೇ ಪ್ರತ್ಯೇಕ ನೇಮಕಾತಿ ಮಂಡಳಿಯನ್ನೂ ಇಟ್ಟುಕೊಂಡಿದೆ. ಕರ್ನಾಟಕದಲ್ಲಿ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲೇ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ (ಸಿಬ್ಬಂದಿ ವರ್ಗ) ಬೇಕೆಂದು ಶಿಫಾರಸು ಮಾಡಿತ್ತು.

ವಿಮೆ ಈ ಕೊರತೆಯನ್ನು ತುಂಬುತ್ತದೆಯೇ

2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ಒಳಗೊಂಡಿದೆ. ಕರ್ನಾಟಕ ಇದನ್ನು ತನ್ನ ಆರೋಗ್ಯ ಕರ್ನಾಟಕ ಯೋಜನೆಯೊಂದಿಗೆ ಸೇರಿಸಿ ನಡೆಸುತ್ತಿದೆ. ಕ್ಯಾನ್ಸರ್, ಹೃದ್ರೋಗಗಳ ಚಿಕಿತ್ಸೆಯಲ್ಲಿ ಇದರಿಂದ ಉಳಿದ ಜೀವಗಳಿವೆ, ಮಾರಾಟವಾಗದೆ ಉಳಿದ ಹೊಲಗಳೂ ಇವೆ. ಆದರೆ ಜೇಬಿನ ಖರ್ಚಿನ ದೊಡ್ಡ ಪಾಲು ಹೋಗುವುದು ಹೊರರೋಗಿ ಚಿಕಿತ್ಸೆಗೆ ಮತ್ತು ಔಷಧಿಗೆ: ತಿಂಗಳು ತಿಂಗಳ ಬಿಪಿ, ಸಕ್ಕರೆ ಮಾತ್ರೆಗಳಿಗೆ. ಅದನ್ನು ಈ ಯೋಜನೆ ಮುಟ್ಟುವುದಿಲ್ಲ. ಡಾ. ಶ್ರೀನಾಥ ರೆಡ್ಡಿ ನೇತೃತ್ವದ ಉನ್ನತ ಮಟ್ಟದ ತಜ್ಞರ ಸಮಿತಿ 2011ರಲ್ಲಿ, ಸರ್ಕಾರ ಔಷಧ ಖರೀದಿಗೆ ಮಾಡುವ ವೆಚ್ಚವನ್ನು ಜಿಡಿಪಿಯ ಶೇ 0.1ರಿಂದ 0.5ಕ್ಕೆ ಏರಿಸಿ ಎಂದದ್ದು ಇದೇ ಕಾರಣಕ್ಕೆ.

ಸಿಬ್ಬಂದಿ ಪ್ರಶ್ನೆಯೊಂದಿಗೆ ವಿಮೆಗೆ ನೇರ ನಂಟಿದೆ. ಕರ್ನಾಟಕದಲ್ಲಿ ತುರ್ತು ಚಿಕಿತ್ಸೆಗಳನ್ನು ಬಿಟ್ಟು ಉಳಿದವಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇದ್ದರೆ ಮಾತ್ರ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ಅನ್ವಯವಾಗುತ್ತದೆ. ಇದು ಒಳ್ಳೆಯ ನಿಯಮ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ತಜ್ಞರ ಹುದ್ದೆ ಖಾಲಿ ಇದ್ದರೆ ವೈದ್ಯಾಧಿಕಾರಿಗೆ ರೆಫರ್ ಮಾಡದೆ ಬೇರೆ ದಾರಿಯಿಲ್ಲ. ವೇತನದಲ್ಲಿ ಉಳಿಸಿದ ಹಣ ವಿಮೆಯ ಪಾವತಿಯಾಗಿ ಹೊರಗೆ ಹೋಗುತ್ತದೆ. ದೇಶದ ಮಟ್ಟದಲ್ಲಿ ಈ ಯೋಜನೆಯಡಿ ಪಾವತಿಯಾದ ಹಣದ ಸುಮಾರು ಮೂರನೇ ಎರಡು ಭಾಗ ಖಾಸಗಿ ಆಸ್ಪತ್ರೆಗಳಿಗೆ ಹೋಗಿದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಹೆರಿಗೆ ಬಿಟ್ಟು, ಒಮ್ಮೆ ಆಸ್ಪತ್ರೆ ಸೇರಿದ್ದಕ್ಕೆ ಕುಟುಂಬ ಮಾಡಿದ ಸರಾಸರಿ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಒಂದು ಖಾಲಿ ಕುರ್ಚಿಯ ನಿಜವಾದ ಬೆಲೆಯನ್ನು ಅಂದಾಜು ಮಾಡುವಾಗ ಈ ಅಂತರವನ್ನೂ ಸೇರಿಸಬೇಕು.

ಕಡಿಮೆ ಆದಾಯದ ದೇಶಕ್ಕೆ ಬೇರೆ ದಾರಿ ಇರಲಿಲ್ಲ ಎಂಬ ಮಾತನ್ನು ಥಾಯ್ಲೆಂಡ್ ಒಪ್ಪುವುದಿಲ್ಲ. 1980ರ ದಶಕದ ಮೊದಲ ಭಾಗದಲ್ಲಿ ಆ ದೇಶ ನಗರದ ದೊಡ್ಡ ಆಸ್ಪತ್ರೆಗಳ ವಿಸ್ತರಣೆಗೆ ಹೊಸ ಬಂಡವಾಳ ಕೊಡುವುದನ್ನು ಕೆಲವು ವರ್ಷ ನಿಲ್ಲಿಸಿ ಆ ಹಣವನ್ನು ಜಿಲ್ಲೆಗಳ ಸಣ್ಣ ಆಸ್ಪತ್ರೆಗಳಿಗೂ ಗ್ರಾಮೀಣ ಸಿಬ್ಬಂದಿಗೂ ತಿರುಗಿಸಿತು. 2002ರಲ್ಲಿ ಎಲ್ಲರಿಗೂ ತೆರಿಗೆ ಹಣದ ಆರೋಗ್ಯ ಭದ್ರತೆ ಘೋಷಿಸಿದಾಗ ಹಳ್ಳಿಗಳಲ್ಲಿ ಆಸ್ಪತ್ರೆಗಳೂ ಅದರೊಳಗೆ ಜನರೂ ಇದ್ದರು. ಅಲ್ಲಿ ಜನ ಜೇಬಿನಿಂದ ಕೊಡುವುದು ಈಗ ಒಟ್ಟು ವೆಚ್ಚದ ಹತ್ತರಲ್ಲಿ ಒಂದು ಭಾಗದ ಆಸುಪಾಸು. ನಮ್ಮಲ್ಲಿ ವಿಮೆಯ ಚೀಟಿ ಮೊದಲು ಬಂತು, ಚಿಕಿತ್ಸೆ ಕೊಡುವವರು ಇನ್ನೂ ಬರಬೇಕಾಗಿದೆ.

ಭಾರತಕ್ಕೂ ಆ ಚಿಂತನೆ ಹೊಸದಲ್ಲ. 1946ರಲ್ಲಿ ವರದಿ ಕೊಟ್ಟ ಜೋಸೆಫ್ ಭೋರ್ ಸಮಿತಿ, ಹಣ ಕೊಡಲಾರೆ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿ, ಅದನ್ನು ನಡೆಸಲು ಪೂರ್ಣಾವಧಿಯ ಸಂಬಳದ ವೈದ್ಯರು ಬೇಕೆಂದಿತ್ತು. ಹಣದ ತತ್ವವನ್ನೂ ಸಿಬ್ಬಂದಿಯ ತತ್ವವನ್ನೂ ಅದು ಒಟ್ಟಿಗೇ ಇಟ್ಟಿತ್ತು.

ಹಾಗಾದರೆ ಬಜೆಟ್‌ನಲ್ಲಿ ಕೇಳಬೇಕಾದದ್ದೇನು? ಆರೋಗ್ಯಕ್ಕೆ ಎಷ್ಟು ಕೋಟಿ ಎಂಬುದರ ಜೊತೆಗೆ, ಅದರಲ್ಲಿ ಎಷ್ಟು ಭಾಗ ರಾಜ್ಯಗಳ ಹಕ್ಕಿನ ಪಾಲಾಗಿ ಬರುತ್ತದೆ, ಎಷ್ಟು ಅವಧಿಯ ಅನುದಾನವಾಗಿ ಬರುತ್ತದೆ, ಆ ವರ್ಷ ಹೊಸದಾಗಿ ಎಷ್ಟು ಕಾಯಂ ಹುದ್ದೆ ಮಂಜೂರಾಯಿತು, ಮಂಜೂರಾದವುಗಳಲ್ಲಿ ಎಷ್ಟು ತುಂಬಿತು ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಬೇಕು. ಇದರ ತುರ್ತು ಎಷ್ಟೆಂಬುದಕ್ಕೆ ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ ಎಂಬ ಸಣ್ಣ ನಗರ ಕ್ಲಿನಿಕ್‌ಗಳೇ ಸಾಕು. 2022ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಉದ್ಘಾಟನೆಗೊಂಡ ಈ ಜಾಲಕ್ಕೆ ಕರ್ನಾಟಕದ ನಗರಗಳಲ್ಲಿ 438 ಕ್ಲಿನಿಕ್‌ಗಳು ಮಂಜೂರಾದವು. ಕೂಲಿಯವರು, ಮನೆಗೆಲಸದವರು ತಮ್ಮ ಬೀದಿಯಲ್ಲೇ ಬಿಪಿ ನೋಡಿಸಿಕೊಂಡು ಮಾತ್ರೆ ಪಡೆಯಲು ಇವು ದಾರಿ ಮಾಡಿವೆ. ಇವಕ್ಕೆ ಆಧಾರ ಕೇಂದ್ರ–ರಾಜ್ಯಗಳ ನಡುವೆ ತೆರಿಗೆ ಹಂಚಿಕೆಯನ್ನು ಸೂಚಿಸುವ ಹದಿನೈದನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ದೇಶಕ್ಕೆಲ್ಲ ಕೊಡಲು ಶಿಫಾರಸು ಮಾಡಿದ 70,051 ಕೋಟಿ ರೂಪಾಯಿಯ ಆರೋಗ್ಯ ಅನುದಾನ, ಮತ್ತು ಆ ಅನುದಾನದ ಅವಧಿ 2021-22ರಿಂದ 2025-26ರವರೆಗಿನ ಐದು ವರ್ಷ ಮಾತ್ರ. ಅಲ್ಲಿನ ವೈದ್ಯರು, ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಗುತ್ತಿಗೆಯವರು. ಬಿಪಿ, ಸಕ್ಕರೆ ಕಾಯಿಲೆಯವರು ಐದು ವರ್ಷಕ್ಕೆ ಗುಣವಾಗಿ ಹೋಗುವವರಲ್ಲವಾದ್ದರಿಂದ, ಆ ಸಿಬ್ಬಂದಿಯ ವೇತನಕ್ಕೆ ರಾಜ್ಯದ ಆಯವ್ಯಯದಲ್ಲೇ ಒಂದು ಖಾಯಂ ಲೆಕ್ಕಶೀರ್ಷಿಕೆ ತೆರೆದು, 438 ಕ್ಲಿನಿಕ್‌ಗಳಿಗೂ ಹುದ್ದೆ ಮಂಜೂರು ಮಾಡಿ, ಅನುಭವಕ್ಕೆ ಅಂಕ ಕೊಟ್ಟು ಈಗ ಇರುವವರಿಂದಲೇ ನೇಮಕಾತಿ ಆರಂಭಿಸುವುದು ಹಣಕಾಸು ಇಲಾಖೆ ಮಾಡಬಹುದಾದ ಮೊದಲ ಕೆಲಸ.